ಹನ್ನೆರಡನೆಯ ಚಮಚ

ತ್ಸುಬಾಮೆ ಊರಿನ ಚಮಚದ ಕಾರ್ಖಾನೆಯಲ್ಲಿ ತೊಕಿಕೊ ಮಾದರಿ ತಯಾರಿಸುವವಳು. ಅಚ್ಚು ಕೊರೆಯುವ ಮೊದಲು ಹೊಸ ಚಮಚದ ಆಕಾರವನ್ನು ಕೈಯಿಂದ ಬಡಿದು ಮಾಡಿಕೊಡುವುದು ಅವಳ ಕೆಲಸ. ಗಂಡ ಎಯ್‌ಸಾಕು ಅದೇ ಊರಿನಲ್ಲಿ ನಲವತ್ತು ವರ್ಷ ಚಮಚಗಳಿಗೆ ಹೊಳಪು ಕೊಟ್ಟವನು. ನರದ ಕಾಯಿಲೆಯಿಂದ ಅವನ ಎರಡೂ ಕೈಗಳ ಬಲ ಕುಂದುತ್ತಿತ್ತು. ಕೊನೆಯತನಕ ತನ್ನ ಕೈಯಿಂದಲೇ ಉಣ್ಣಬೇಕೆಂಬುದೊಂದೇ ಅವನ ಆಸೆ. ದುರ್ಬಲ ಕೈಗಳಿಗೆಂದು ಕಾರ್ಖಾನೆ ಹೊಸ ಚಮಚ ತರಲು ಹೊರಟಾಗ ತೊಕಿಕೊ ಆ ಕೆಲಸವನ್ನು ಕೇಳಿ ಪಡೆದಳು.

ಒಂದೊಂದು ಮಾದರಿಯನ್ನೂ ಮನೆಗೆ ತಂದಳು. ಎಯ್‌ಸಾಕು ಪ್ರತಿ ಸಲವೂ "ಚೆನ್ನಾಗಿದೆ" ಎಂದ. ಊಟದ ಹೊತ್ತಿಗೆ ಮಾತ್ರ, "ಆಚೆ ಹೋಗೆ, ನೀನು ಪರೀಕ್ಷೆ ಮೇಷ್ಟ್ರ ಥರ ನೋಡ್ತಾ ಕೂತ್ರೆ ಗಂಟಲಲ್ಲಿ ಇಳಿಯಲ್ಲ" ಎನ್ನುತ್ತಿದ್ದ. ಅವಳು ಮರಳಿ ಬರುವಷ್ಟರಲ್ಲಿ ಬಟ್ಟಲು ಖಾಲಿಯಾಗಿರುತ್ತಿತ್ತು.

ವಿಭಾಗದ ಮುಖ್ಯಸ್ಥ ನೆಮೊತೊ ಆ ಮಾತೊಂದನ್ನೇ ನಂಬಿ ಯಾವ ಮಾದರಿಯನ್ನೂ ಒಪ್ಪಲಿಲ್ಲ. "ತೊಕಿಕೊ ಸಾನ್, ಮಾಡಿದವರ ಎದುರಿಗೆ ನಮ್ಮೂರಲ್ಲಿ ಯಾರು ಚೆನ್ನಾಗಿಲ್ಲ ಅಂತಾರೆ? ಕೇಳ್ಬೇಡಿ, ನೋಡಿ."

"ನಮ್ಮನೆಯವ್ರು ಚಮಚದ ಕಸುಬಿನವ್ರು. ಸುಳ್ಳು ಹೇಳಲ್ಲ."

ಹನ್ನೊಂದನೆಯ ಮಾದರಿಯನ್ನು ಗಂಡನಿಗೆ ಕೊಟ್ಟ ದಿನ, ಕೆಲಸಕ್ಕೆ ಹೊರಟವಳು ಕನ್ನಡಕ ಮರೆತು ಅರ್ಧ ದಾರಿಯಿಂದ ಹಿಂತಿರುಗಿದಳು. ಎಯ್‌ಸಾಕು ಬಟ್ಟಲಿಗೆ ಬಾಯಿ ಹಚ್ಚಿ ಗಂಜಿ ನೆಕ್ಕುತ್ತಿದ್ದ. ಆಮೇಲೆ ಚಮಚವನ್ನು ಮುಷ್ಟಿಯಿಂದ ತಳ್ಳಿ, ಬಟ್ಟಲಿನೊಳಗೆ ಉರುಳಿಸಿ ಒದ್ದೆ ಮಾಡಿದ.

"ಯಾವಾಗಿಂದ ಹೀಗೆ?"

"ಮೂರನೇದ್ರಿಂದ." ಅವನು ತಲೆ ಎತ್ತಲಿಲ್ಲ. "ಬಡಿದು ಬಡಿದು ನಿನ್ನ ಬೆರಳು ಊದ್ಕೊಂಡಿತ್ತು. ಹೇಗೆ ಹೇಳ್ಲಿ?"

"ಬಾಯಿಬಿಟ್ಟು ಹೇಳ್ಬೇಕಿತ್ತು. ನಾಲ್ಕನೇದ್ರಲ್ಲೇ ಸರಿ ಮಾಡ್ತಿದ್ದೆ. ಎಂಥಾ ಪೆದ್ದರು ನೀವು!"

ಅಂದಿನಿಂದ ಎದುರಿಗೆ ಕೂತು ನೋಡಿದಳು. ತೊಂದರೆ ಹಿಡಿಕೆಯಲ್ಲಿರಲಿಲ್ಲ, ಅವನ ಮಣಿಕಟ್ಟು ತಿರುಗುತ್ತಿರಲಿಲ್ಲ. ಎಂಟು ತಿಂಗಳು ಅವಳು ಹಿಡಿಕೆಯನ್ನೇ ದಪ್ಪ ಮಾಡುತ್ತಾ, ಬಗ್ಗಿಸುತ್ತಾ ಕಳೆದಿದ್ದಳು. ಹನ್ನೆರಡನೆಯದರಲ್ಲಿ ಚಮಚದ ತಲೆಯನ್ನೇ ಬಾಯಿಯ ಕಡೆಗೆ ಓರೆಯಾಗಿಸಿದಳು. ಅದು ಮನೆಗೆ ಬರುವಷ್ಟರಲ್ಲಿ ಎಯ್‌ಸಾಕುವಿನ ಬೆರಳುಗಳು ಮಡಚುವುದನ್ನೇ ನಿಲ್ಲಿಸಿದ್ದವು. ಆ ಚಮಚದಿಂದ ಅವಳೇ ಉಣಿಸಿದಳು. ಅವನು ಅತ್ತ ಮುಖ ಮಾಡಿ ನುಂಗಿದ.

ಮಾದರಿಯ ಜೊತೆ ಕೊಡಬೇಕಾದ ಹಾಳೆಯಲ್ಲಿ 'ಬಳಸಿ ನೋಡಿದವರು' ಎಂಬಲ್ಲಿ ತೊಕಿಕೊ 'ಯಾರೂ ಇಲ್ಲ' ಎಂದು ಬರೆದಳು. ನೆಮೊತೊ ಅದನ್ನು ಓದಿ ಅವಳನ್ನು ವೃದ್ಧರ ಆರೈಕೆ ಮನೆಗೆ ಕಳಿಸಿದ. ಅಲ್ಲಿ ಗುರುತಿಲ್ಲದ ಮುದುಕನೊಬ್ಬ ಆ ಚಮಚದಿಂದ ಗಂಜಿ ತೆಗೆದು, ಚೆಲ್ಲದೆ ಬಾಯಿಗಿಟ್ಟುಕೊಂಡ. ಇನ್ನೊಂದು ತುತ್ತು ತೆಗೆದ. ತೊಕಿಕೊ ಎದುರಿಗೆ ನಿಂತು ತುತ್ತುಗಳನ್ನು ಎಣಿಸಿ ಗುರುತು ಹಾಕಿಕೊಳ್ಳುತ್ತಾ ಹೋದಳು. ಹದಿನೇಳಕ್ಕೆ ಬಟ್ಟಲು ಖಾಲಿಯಾಯಿತು.