ಬಟ್ಟೆ ಮಿಷನ್ನಿನ ನೀರು ಈಶಾನ್ಯಕ್ಕೆ

ನೀರು ಎತ್ತ ಹರಿಯುತ್ತದೆ ಎಂದು ತಿಳಿಯಲು ಒಂದು ಚೊಂಬು ನೀರು ಸುರಿದು ನೋಡಿದರೆ ಸಾಕು. ನಮ್ಮ ಮನೆಯಲ್ಲಿ ಅದಕ್ಕೆ ಕೆ.ಆರ್. ನಗರದ ಕಡೆಯಿಂದ ವಾಸ್ತು ಹೇಳುವವನು ಬರಬೇಕಾಯಿತು.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಮ್ಮೂರು ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ಕಡೆ ಇದೆ. ಹೊಗೆಸೊಪ್ಪನ್ನು ಬ್ಯಾರನ್ ಎಂಬ ಬೆಂಕಿ ಕಾವಿನ ಗೂಡಿನಲ್ಲಿ ಬೇಯಿಸಿ, ಬಣ್ಣ ನೋಡಿ ವಿಂಗಡಿಸಿ, ಗೋಣಿತಾಟಿನಲ್ಲಿ ಬೇಲು ಕಟ್ಟಿ ಹಿಂದಿನ ಕೋಣೆಯಲ್ಲಿ ಒಟ್ಟಿದ್ದೆವು. ಹರಾಜಿಗೆ ನಮ್ಮ ಸರದಿ ಬರುವವರೆಗೆ ವರ್ಷದ ದುಡಿಮೆಯೆಲ್ಲ ಅಲ್ಲೇ. ಸೊಪ್ಪಿಗೆ ತಂಡಿ ಹತ್ತಿತೋ, ಬೂಷ್ಟು ಬಂತು. ಬೂಷ್ಟು ಬಂದ ಬೇಲನ್ನು ಕೊಳ್ಳುವವನು ಮೂಸಿಯೂ ನೋಡುವುದಿಲ್ಲ.

ಆ ಕೋಣೆಯ ಮಣ್ಣಿನ ಗೋಡೆಗೆ ಒತ್ತಿಕೊಂಡೇ ನನ್ನ ಮಗ ಬಟ್ಟೆ ಒಗೆಯುವ ಮಿಷನ್ನಿಗೆಂದು ಒಂದು ಸಣ್ಣ ಕೋಣೆ ಎಬ್ಬಿಸಿದ. ಮಿಷನ್ ಬೇಡ ಎಂದು ನಾನು ಹೇಳಲಿಲ್ಲ. ಕಂಬಳಿ ಒಗೆದು ಒಗೆದು ರಟ್ಟೆ ಬಿದ್ದುಹೋದವಳು ನಾನು. ಆದರೆ ಹಿತ್ತಲ ಕಲ್ಲಿನ ಮೇಲೆ ಒಗೆಯುವಾಗ ನೀರು ತಾನಾಗಿ ಪಡುವಲಕ್ಕೆ ಹರಿದು ಹೊಲ ಸೇರುತ್ತಿತ್ತು. ಇಳಿಜಾರು ಇರುವುದೇ ಆ ಕಡೆಗೆ.

ವಾಸ್ತುವಿನವನು ಎರಡು ಲೋಟ ಕಾಫಿ ಕುಡಿದ, ಸೂಜಿ ಅಲ್ಲಾಡುವ ಡಬ್ಬಿಯನ್ನು ನೆಲದ ಮೇಲಿಟ್ಟ, ನೀರು ಈಶಾನ್ಯಕ್ಕೇ ಹೋಗಬೇಕು ಎಂದ. ಈಶಾನ್ಯದ ಮೂಲೆ ಎಂದರೆ ಸೊಪ್ಪಿನ ಕೋಣೆಯ ಗೋಡೆಯ ಬುಡ. ಆ ಮೂಲೆಯಲ್ಲಿ ಹಿತ್ತಲ ಕಡೆಗೆ ತೂತು ಬಿಟ್ಟರೂ ಆಚೆಯ ನೆಲವೇ ತೂತಿಗಿಂತ ಎತ್ತರ.

ಸಿಮೆಂಟು ಹಸಿಯಾಗಿದ್ದಾಗಲೇ ಮಗನನ್ನು ಕೇಳಿದೆ.

“ಅಲ್ಲ ಕಣ್ಲಾ, ನೀರು ದಿಬ್ಬ ಅತ್ತುತ್ತೇನ್ಲಾ? ಅದ್ಕೇನು ಕಾಲೈತಾ?”

“ಸುಮ್ಕಿರವ್ವ. ಪಡುವ್ಲಕ್ಕೆ ಬುಟ್ರೆ ಮನೆ ಲಕ್ಷ್ಮಿ ಒಂಟೋಯ್ತಾಳಂತೆ.”

“ಇಷ್ಟ್ ದಿನ ಪಡುವ್ಲಕ್ಕೇ ಓಗಿದ್ದು. ಅವ್ಳು ಒಂಟೋಗಿದ್ರೆ ನಿಂಗೆ ಮಿಷನ್ ಎಲ್ಲಿಂದ ಬತ್ತಿತ್ಲಾ?”

ಗಾರೆಯವನು ನಕ್ಕ. ನಕ್ಕು, ಈಶಾನ್ಯಕ್ಕೇ ಇಳಿಜಾರು ಬರುವ ಹಾಗೆ ಕರಣೆ ಎಳೆದ. ಹೇಳಿದ್ದರೆ ಸೂರಿನ ಮೇಲೂ ಚರಂಡಿ ಕಟ್ಟುತ್ತಿದ್ದ, ಅಂಥವನು.

ಮಿಷನ್ ತಿರುಗಿತು, ನೀರು ಬಿಟ್ಟಿತು, ನೀರು ಗೋಡೆಯ ಬುಡದಲ್ಲಿ ನಿಂತಿತು. ಸೊಸೆ ಪೊರಕೆಯಲ್ಲಿ ತೂತಿಗೆ ತಳ್ಳಿದಳು, ಅದು ತಿರುಗಿ ಬಂತು.

“ಅತ್ತೆ, ನೀರು ವಾಪಸ್ಸು ಬತ್ತಾ ಅದೆ!”

“ಲಕ್ಷ್ಮಿ ಕಣವ್ವ, ಒಳೀಕೆ ಬತ್ತಾವ್ಳೆ. ಆರತಿ ಎತ್ತು.”

ಅಂದಿನಿಂದ ದಿನಾ ಬೆಳಿಗ್ಗೆ ಸೊಪ್ಪಿನ ಕೋಣೆಗೆ ಹೋಗಿ ಗೋಡೆಗೆ ಅಂಗೈ ಇಟ್ಟು ನೋಡುತ್ತಿದ್ದೆ. ವಾರ ಕಳೆಯುವಷ್ಟರಲ್ಲಿ ತಂಪು ತಾಗಿತು. ಇನ್ನೆರಡು ದಿನಕ್ಕೆ ಉಗುರು ಇಟ್ಟರೆ ಮಣ್ಣು ಬಂತು. ಮಗನಿಗೆ ಹೇಳಿದೆ. ಅವನು ವಾಸ್ತುವಿನವನನ್ನು ಕೇಳಿಕೊಂಡು ಬಂದು ಗೋಡೆಗೆ ಒಂದು ನಿಂಬೆಹಣ್ಣು ಕಟ್ಟಿದ. ಹಣ್ಣು ನೀರು ಕುಡಿಯುತ್ತದೆ ಎಂದುಕೊಂಡನೋ ಏನೋ, ನಾನು ಕೇಳಲಿಲ್ಲ. ಹತ್ತನೇ ಕ್ಲಾಸು ಓದಿದವನು.

ಮಾರನೆಯ ದಿನ ಅವನು ಹೊಲಕ್ಕೆ ಹೋದ ಮೇಲೆ ಸೊಸೆಯನ್ನು ಕರೆದುಕೊಂಡು ಮಿಷನ್ನನ್ನು ಆಚೆ ಎಳೆದೆ. ಹಾರೆ ತಗೊಂಡು ಪಡುವಲ ಗೋಡೆಯ ಬುಡ ಒಡೆದೆ, ನೀರು ನಿಂತ ಮೂಲೆಯಿಂದ ಅಲ್ಲಿಯವರೆಗೆ ಸಿಮೆಂಟು ಕಿತ್ತು ಕಾಲುವೆ ತೋಡಿದೆ. ನಿಂತ ನೀರು ಓಡಿದ್ದು ನೋಡಬೇಕಿತ್ತು. ಆಮೇಲೆ ಬೇಲುಗಳನ್ನು ಗೋಡೆಯಿಂದ ಈಚೆಗೆ ಜರುಗಿಸಿದೆವು. ಗೋಡೆಗೆ ತಾಗಿದ್ದ ಕೆಳಗಿನ ಎರಡು ಬೇಲು ಒದ್ದೆಯಾಗಿದ್ದವು.

ಮಗ ಬಂದವನೇ ಕಿರುಚಿದ. “ಮನೆ ಆಳ್ ಮಾಡಿದ್ಯಲ್ಲವ್ವ!”

ಅವನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ಒದ್ದೆ ಬೇಲಿನ ಹೊಟ್ಟೆಯೊಳಗೆ ಅವನ ಕೈ ತುರುಕಿದೆ. ಕೈ ಆಚೆ ಬಂದಾಗ ಬೆರಳಿಗೆಲ್ಲ ಬೂಷ್ಟು ಮೆತ್ತಿಕೊಂಡಿತ್ತು. ಅವನು ಅದನ್ನು ನೋಡಿದ, ಪಂಚೆಗೆ ಒರೆಸಿಕೊಂಡ.

ಆ ಎರಡನ್ನೂ ತಿಪ್ಪೆಗೆ ಎಸೆದೆವು. ತಪ್ಪಾಯಿತು ಎಂಬ ಮಾತು ಅವನ ಬಾಯಿಂದ ಬರಲಿಲ್ಲ, ನಾನು ಅದಕ್ಕೆ ಕಾಯುತ್ತಲೂ ಇರಲಿಲ್ಲ. ಮಿಕ್ಕ ಬೇಲುಗಳನ್ನು ಹಲಗೆಯ ಮೇಲೆ ಎತ್ತಿಡಲು ಇನ್ನೊಂದು ಜೊತೆ ಕೈ ಬೇಕಿತ್ತು. ಅವನು ಅಂಗಿ ಬಿಚ್ಚಿಟ್ಟು ಬಂದ.