ಕರು ಕಟ್ಟುವ ಗಂಟು

ನಮ್ಮ ಲ್ಯಾಬಿನ ಮುಂದಿನ ರಸ್ತೆಗೆ ಮೊನ್ನೆ ಡಾಂಬರು ಹಾಕಿದರು. ಹೊಸಪೇಟೆಯ ಬಿಸಿಲು, ಅದರ ಮೇಲೆ ಕುದಿಯುವ ಡಾಂಬರು. ರಕ್ತ ಪರೀಕ್ಷೆಗೆಂದು ಬಂದವರೆಲ್ಲ ಮೂಗಿಗೆ ಸೆರಗೋ ಕರವಸ್ತ್ರವೋ ಹಿಡಿದು ಕೂತಿದ್ದರೆ, ನಾನೊಬ್ಬಳು ಕೈಯಲ್ಲಿ ಸಿರಿಂಜು ಹಿಡಿದು ಕಿಟಕಿಯ ಹತ್ತಿರ ಹೋಗಿ ಆ ವಾಸನೆಯನ್ನು ಎದೆತುಂಬ ಎಳೆದುಕೊಳ್ಳುತ್ತಿದ್ದೆ. ತೋಳು ಚಾಚಿ ಕೂತಿದ್ದ ಅಜ್ಜಿಯೊಬ್ಬಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಅವಳಿಗೆ ಏನೆಂದು ಹೇಳಲಿ? ಅದು ನಾನು ಹುಟ್ಟಿ ಹತ್ತು ವರ್ಷ ಬೆಳೆದ ಮನೆಯ ವಾಸನೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಅಪ್ಪ ಆ ಮನೆಯನ್ನು ದಂಡೆಯ ಮೇಲೆ ಬೋರಲು ಹಾಕಿ, ಹಲಗೆಗಳ ಸಂದಿಗೆ ಹತ್ತಿ ತುರುಕಿ, ಅದರ ಬೆನ್ನಿಗೆ ಬಿಸಿ ಡಾಂಬರು ಬಳಿಯುತ್ತಿದ್ದ. ನಮ್ಮ ಮನೆ ಒಂದು ದೋಣಿಯಾಗಿತ್ತು.

ಹಂಪಿ ನೋಡಲು ಬಂದ ಗೆಳತಿಯರಿಗೆ ಇದನ್ನು ಹೇಳಿದರೆ ಅವರ ಕಣ್ಣು ಅರಳುತ್ತದೆ. ಹಾಯಿದೋಣಿಯಲ್ಲಿ ವಾಸ, ಸುತ್ತ ನಡುಗಡ್ಡೆಗಳು, ಬೆಳಗಾಗುತ್ತಲೇ ಬಾತುಗಳ ಹಿಂಡು, ಎಂಥ ಪುಣ್ಯವಂತೆ ಕಣೇ ನೀನು ಎನ್ನುತ್ತಾರೆ. ನಾನೂ ನಗುತ್ತೇನೆ. ಅವರಿಗೆ ಕಾಣುವುದು ನೀರು. ನನಗೆ ಕಾಣುವುದು ಹದಿನೆಂಟು ಮೊಳ ಉದ್ದ, ಐದು ಮೊಳ ಅಗಲದ ಜಾಗ. ಅದರಲ್ಲಿ ಒಂದು ಒಲೆ, ಒಂದು ಟ್ರಂಕು, ಬಲೆಯ ರಾಶಿ, ಅಪ್ಪ, ಅವ್ವ, ನಾನು. ನೀರು ಕಣ್ಣು ಹಾಯುವಷ್ಟು ದೂರ ಹಬ್ಬಿದ್ದರೇನು, ಅದರ ಮೇಲೆ ನಡೆದಾಡಲು ಬರುತ್ತದೆಯೇ? ಅಪ್ಪ ಅವ್ವ ಜಗಳವಾಡಿದರೆ ಒಬ್ಬರು ಎದ್ದು ಹೊರಗೆ ಹೋಗುವಂತಿರಲಿಲ್ಲ. ಅಪ್ಪ ಮೂತಿಯ ಕಡೆ ಮುಖ ಮಾಡಿ ಕೂರುತ್ತಿದ್ದ, ಅವ್ವ ಚುಕ್ಕಾಣಿಯ ಕಡೆ. ನಡುವೆ ನಾನು, ಇಬ್ಬರ ಬೆನ್ನನ್ನೂ ನೋಡುತ್ತ.

ಅಪ್ಪನ ಹಿರಿಯರು ಕೃಷ್ಣಾ ನದಿಯ ಕೆಳದಂಡೆಯ ತೆಲುಗರು. ತುಂಗಭದ್ರೆಗೆ ಅಣೆಕಟ್ಟು ಕಟ್ಟಿದ ಮೇಲೆ ಮೀನಿನ ಬೆನ್ನುಹತ್ತಿ ಇಲ್ಲಿಗೆ ಬಂದವರು. ಉಳಿದವರೆಲ್ಲ ಕಂಪ್ಲಿಯ ಕಡೆಯಿಂದ ತಂದ ಹರಿಗೋಲುಗಳಲ್ಲಿ ಮೀನು ಹಿಡಿದು ಸಂಜೆಗೆ ದಂಡೆಯ ಗುಡಿಸಲಿಗೆ ಮರಳುತ್ತಿದ್ದರು. ಅಪ್ಪನಿಗೆ ಮಾತ್ರ ತನ್ನ ಅಪ್ಪನಿಂದ ಬಂದ ಹಲಗೆ ದೋಣಿ. ಬಿದಿರು ತಟ್ಟಿಯ ಕಮಾನು, ನಡುವೆ ಕಂಬ, ಕಂಬಕ್ಕೆ ಯೂರಿಯಾ ಚೀಲಗಳನ್ನು ಬಿಚ್ಚಿ ಹೊಲಿದ ಹಾಯಿ. ಶ್ರಾವಣದಲ್ಲಿ ಜಲಾಶಯ ತುಂಬಿ ಹಿನ್ನೀರಿನ ದಿಬ್ಬಗಳೆಲ್ಲ ನಡುಗಡ್ಡೆಗಳಾದವೆಂದರೆ ನಾವು ನೀರಿಗಿಳಿಯುತ್ತಿದ್ದೆವು. ಶಿವರಾತ್ರಿ ಕಳೆದು ನೀರು ಇಳಿಯುವವರೆಗೆ ದಂಡೆಗೆ ಹೋಗುತ್ತಿದ್ದದ್ದು ಜೋಳದ ಹಿಟ್ಟು, ಸೀಮೆಎಣ್ಣೆ ತರಲು ಮಾತ್ರ. ಮಧ್ಯಾಹ್ನ ಪಡುವಣ ಗಾಳಿ ಎದ್ದು ಹಾಯಿ ಪಟಪಟ ಬಡಿದು ಉಬ್ಬಿಕೊಂಡಾಗ ಅಪ್ಪನ ಮುಖದಲ್ಲಿ ಒಂದು ನಗು ಬರುತ್ತಿತ್ತು. ಆ ನಗುವನ್ನು ನೆಲದ ಮೇಲೆ ನಾನು ಒಮ್ಮೆಯೂ ನೋಡಲಿಲ್ಲ.

ಅವ್ವ ಪಾಪಿನಾಯಕನಹಳ್ಳಿಯ ಒಕ್ಕಲು ಮನೆಯವಳು. ಕೆರೆಯಲ್ಲಿ ಎಮ್ಮೆ ಮೈ ತೊಳೆಯುವಾಗಲೂ ಮೊಣಕಾಲಿನಿಂದ ಮುಂದೆ ಹೋಗದವಳು ಹೇಗೆ ಈ ಮನುಷ್ಯನನ್ನು ಕಟ್ಟಿಕೊಂಡಳೋ, ಕೇಳಿದರೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಹನ್ನೆರಡು ವರ್ಷ ನೀರಿನ ಮೇಲೆ ಬದುಕಿದರೂ ಈಜು ಕಲಿಯಲಿಲ್ಲ. ನಾನು ಅಂಬೆಗಾಲಿಟ್ಟ ದಿನ ನನ್ನ ನಡುವಿಗೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿದಳು. ಇದೇನೂ ಹೊಸದಲ್ಲ, ಅಪ್ಪನ ಕಡೆಯವರು ದೋಣಿಯಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಹಾಗೆ ಕಟ್ಟುವುದುಂಟು. ಮಗು ದೋಣಿಗೆ ಒಂದು ಸುತ್ತು ಈಜಿ ಬಂದ ದಿನ ಬೆಲ್ಲ ಹಂಚಿ ಹಗ್ಗ ಬಿಚ್ಚುತ್ತಾರೆ. ನಾನು ಐದಕ್ಕೇ ಸುತ್ತು ಬಂದೆ. ಅಪ್ಪ ಬೆಲ್ಲ ಹಂಚಿದ. ಅವ್ವ ಬೆಲ್ಲ ತಿಂದಳು, ಹಗ್ಗ ಬಿಚ್ಚಲಿಲ್ಲ. ತನಗೆ ಗೊತ್ತಿಲ್ಲದ ವಿದ್ಯೆಯನ್ನು ಅವಳು ನಂಬುವವಳಲ್ಲ. ಒಂಬತ್ತಾದರೂ ನನ್ನ ನಡುವಿನಲ್ಲಿ ಹಗ್ಗ. ಹರಿಗೋಲಿನ ಹುಡುಗಿಯರು ಹತ್ತಿರ ಬಂದಾಗಲೆಲ್ಲ ಅಂಬಾ ಎಂದು ಕೂಗಿ ಹೋಗುತ್ತಿದ್ದರು. ಅವರು ಹಾಗೆ ಕೂಗಿದ್ದಕ್ಕೂ ಕಾರಣವಿತ್ತು. ಅವ್ವ ಹಾಕುತ್ತಿದ್ದದ್ದು ತವರಿನಲ್ಲಿ ಕರು ಕಟ್ಟುತ್ತಿದ್ದ ಗಂಟು. ಎಳೆದರೆ ಬಿಗಿಯುವುದೂ ಇಲ್ಲ, ಜಾರುವುದೂ ಇಲ್ಲ. ಎಷ್ಟೋ ಮಧ್ಯಾಹ್ನ ಹಲ್ಲು, ಉಗುರು, ಮೀನಿನ ಮುಳ್ಳು ಎಲ್ಲ ಹಾಕಿ ಅದರೊಂದಿಗೆ ಗುದ್ದಾಡಿದ್ದೇನೆ. ಆ ಹಗ್ಗವನ್ನು ನಾನು ದ್ವೇಷಿಸುತ್ತಿದ್ದೆ.

ಕಟ್ಟಿಹಾಕಿದವರು ಏನು ಮಾಡುತ್ತಾರೆ? ಎದುರಿಗಿದ್ದದ್ದನ್ನು ನೋಡುತ್ತಾರೆ. ನನ್ನ ಎದುರಿಗಿದ್ದದ್ದು ಹಾಯಿ. ಅದರ ತುಂಬ ಚೀಲಗಳ ಅಕ್ಷರ, ಕೆಲವು ನೆಟ್ಟಗೆ, ಕೆಲವು ತಲೆಕೆಳಗು. ನಾಲ್ಕನೆಯ ಇಯತ್ತೆ ಓದಿದ್ದ ಅವ್ವ ಒಂದೊಂದೇ ಅಕ್ಷರ ತೋರಿಸಿ ಹೇಳಿಕೊಟ್ಟಿದ್ದಳು. ಒಂದು ದಿನ ನಾನು ಹಾಯಿಯ ಮೇಲಿದ್ದ ಇಡೀ ವಾಕ್ಯವನ್ನು ಗಟ್ಟಿಯಾಗಿ ಓದಿದೆ: "ಕೊಕ್ಕೆ ಬಳಸಬೇಡಿ." ಅಪ್ಪ ಆಗ ಗಾಳದ ಕೊಕ್ಕೆಗೆ ಎರೆಹುಳ ಸಿಕ್ಕಿಸುತ್ತಿದ್ದ. ಬಿದ್ದು ಬಿದ್ದು ನಕ್ಕ. ಅವ್ವ ನಗಲಿಲ್ಲ. ಮುಂದಿನ ಸಲ ಹಿಟ್ಟಿಗೆಂದು ದಂಡೆಗೆ ಹೋದವಳು ದೋಣಿಮಲೈ ಗಣಿಯಲ್ಲಿ ಕೆಲಸಕ್ಕಿದ್ದ ತನ್ನ ತಮ್ಮನನ್ನು ಕಂಡು ಮಾತಾಡಿಯೇ ಬಂದಳು. ಸಂಡೂರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಒಂದು ಸೀಟು ಇದೆ. ಯುಗಾದಿ ಕಳೆದ ಸೋಮವಾರ ಹುಡುಗಿಯನ್ನು ಕರೆತಂದು ತೋರಿಸಬೇಕು, ತಪ್ಪಿದರೆ ಬೇರೆಯವರಿಗೆ ಹೋಗುತ್ತದೆ ಎಂದು ಮಾವ ಹೇಳಿದ್ದ. ಅಪ್ಪ ಹ್ಞೂಂ ಅನ್ನಲಿಲ್ಲ, ಉಹ್ಞೂಂ ಅನ್ನಲಿಲ್ಲ. ನಾನಂತೂ ಆ ಸೋಮವಾರಕ್ಕಾಗಿ ಉಸಿರು ಹಿಡಿದು ಕಾದೆ. ಹಾಯಿ ಕಟ್ಟಿದಾಗ ದೂರದಲ್ಲಿ ಕೆಂಪಗೆ ಕಾಣುತ್ತಿದ್ದ ಸಂಡೂರಿನ ಬೆಟ್ಟಗಳ ಕಡೆಗೇ ನನ್ನ ಕಣ್ಣು.

ಹಿನ್ನೀರಿನಲ್ಲಿ ಬಟ್ಟಲು ಎಂದು ಒಂದು ಜಾಗ. ನಾಲ್ಕು ನಡುಗಡ್ಡೆಗಳ ನಡುವಿನ ತಗ್ಗು. ನೀರು ಇಳಿಯುವಾಗ ಮೀನೆಲ್ಲ ಅಲ್ಲಿ ಸೇರುತ್ತದೆ. ಆದರೆ ಅದರ ಬಾಯಲ್ಲಿ ಹೊಸ್ತಿಲಿನಂತೆ ಒಂದು ಏರು. ಅದರ ಮೇಲೆ ಎರಡು ಮೊಳ ನೀರು ಇರುವಾಗಲೇ ದೋಣಿ ಹೊರಬೀಳಬೇಕು, ಇಲ್ಲವಾದರೆ ಒಳಗೇ ಉಳಿಯಬೇಕು. ಇದು ಹಿನ್ನೀರಿನಲ್ಲಿ ಎಲ್ಲರಿಗೂ ಗೊತ್ತು. ಆ ವರ್ಷ ಶಿವರಾತ್ರಿ ಕಳೆದರೂ ನಾವು ಬಟ್ಟಲಲ್ಲಿದ್ದೆವು. ಅಪ್ಪ ದಿನಾ ಬೆಳಿಗ್ಗೆ ಗಳ ಹಿಡಿದು ಹೊಸ್ತಿಲಿನವರೆಗೆ ಈಜಿ ಹೋಗಿ ನೀರು ಅಳೆದು ಬರುತ್ತಿದ್ದ. ಎಷ್ಟೈತ್ರಿ ಎಂದು ಅವ್ವ ಕೇಳುತ್ತಿದ್ದಳು. ಮೂರು ಮೊಳ ಎನ್ನುತ್ತಿದ್ದ. ಮರುದಿನವೂ ಮೂರು ಮೊಳ. ಅದರ ಮರುದಿನವೂ. ಯುಗಾದಿಗೆ ಇನ್ನು ವಾರವಿದೆ ಅನ್ನುವಾಗ ಒಂದು ಬೆಳಿಗ್ಗೆ ಅವ್ವ ಒಲೆಯ ಮೇಲಿಟ್ಟ ಚಹದ ಪಾತ್ರೆ ತಾನಾಗಿ ಜಾರಿ ಉರುಳಿತು. ದೋಣಿ ಕೆಸರಿನ ಮೇಲೆ ಒಂದು ಮಗ್ಗುಲಿಗೆ ವಾಲಿ ಕೂತಿತ್ತು.

ಹನ್ನೊಂದು ದಿನ ನಾವು ವಾಲಿದ ಮನೆಯಲ್ಲಿ ಬದುಕಿದೆವು. ಉಣ್ಣುವಾಗ ತಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳಬೇಕು, ಮಲಗಿದರೆ ಮೂವರೂ ಜಾರಿ ಒಂದೇ ಮೂಲೆಗೆ ಬರುತ್ತಿದ್ದೆವು. ಒಂದು ಮಗ್ಗುಲಲ್ಲಿ ಒಂದಿಷ್ಟು ಮಡುವು, ಉಳಿದ ಕಡೆಯೆಲ್ಲ ಆಳ ಗೊತ್ತಿಲ್ಲದ ಹೂಳು. ಅದು ಬಿಸಿಲಿಗೆ ಹೊಳೆಯುತ್ತ, ಗುಳುಗುಳು ಎನ್ನುತ್ತ, ಸತ್ತ ಮೀನಿನ ನಾತ ಬೀರುತ್ತ ಬಿದ್ದಿತ್ತು. ನಡುಗಡ್ಡೆಯ ಬಂಡೆ ಕೂಗಳತೆಯಲ್ಲೇ ಇತ್ತು. ಕೊಕ್ಕರೆಗಳು ಅಲ್ಲಿಂದ ಇಲ್ಲಿಗೆ ಆರಾಮಾಗಿ ನಡೆದು ಬರುತ್ತಿದ್ದವು, ಅವುಗಳ ತೆಳು ಕಾಲು ಕಂಡರೆ ನನಗೆ ಹೊಟ್ಟೆಕಿಚ್ಚು. ಹದಿನೈದು ದಿನದಲ್ಲಿ ಹೂಳು ಒಣಗಿ ಗಟ್ಟಿಯಾಗುತ್ತದೆ, ಆಮೇಲೆ ನಡೆದೇ ಹೋಗಬಹುದು ಎಂದು ಅಪ್ಪ ಬಲೆ ಹೆಣೆಯುತ್ತ ಕೂತ. ಬೇವು ಬೆಲ್ಲವಿಲ್ಲದ ಯುಗಾದಿ ಅಲ್ಲೇ ಕಳೆಯಿತು. ನಾನು ಅತ್ತೂ ಅತ್ತೂ ಸುಸ್ತಾದೆ.

ಶನಿವಾರ ಮಧ್ಯಾಹ್ನ ಬಂಡೆಯ ಮೇಲೆ ಒಬ್ಬ ಹರಿಗೋಲಿನವನು ಕಾಣಿಸಿಕೊಂಡ. ನಡುಗಡ್ಡೆಯ ಆಚೆ ಮಗ್ಗುಲಲ್ಲಿ ಇನ್ನೂ ನೀರಿತ್ತು, ಅಲ್ಲಿ ಬಲೆ ಹಾಕಲು ಬಂದವನು ನಮ್ಮ ಕಂಬ ನೋಡಿ ಹತ್ತಿ ಬಂದಿದ್ದ. ಕೈಯನ್ನು ಬಾಯಿಗಿಟ್ಟು ಕೂಗಿದ. "ಅಣ್ಣಾ, ಸಿಕ್ಕಾಕ್ಕೊಂಡೀರೇನು? ಹಲಗಿ ತರಿಸ್ಲೇನು?"

ಅಪ್ಪ ಎದ್ದು ನಿಂತು ಕೈ ಬೀಸಿದ. "ಬ್ಯಾಡಪಾ. ಆರಾಮ ಅದೀವಿ."

ಅವ್ವ ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕಬ್ಬಿಣದ ಸಲಾಕೆ ಎತ್ತಿಕೊಂಡು ನಾವು ಮಲಗುತ್ತಿದ್ದ ಜಾಗದ ಹಲಗೆಗೆ ಹಾಕಿ ಮೀಟಿದಳು. ಒಂದು, ಎರಡು, ಮೂರು. ಹರಿಗೋಲಿನವನಿಗೆ ಅಲ್ಲೇ ನಿಲ್ಲು ಎಂದು ಕೂಗಿದಳು. ಕಂಬದಿಂದ ನನ್ನ ಹಗ್ಗ ಬಿಚ್ಚಿ ಆ ತುದಿಯನ್ನು ತನ್ನ ನಡುವಿಗೆ ಕಟ್ಟಿಕೊಂಡಳು, ಅದೇ ಗಂಟು. ನೀರೆಂದರೆ ಮೈ ನಡುಗುತ್ತಿದ್ದ ನನ್ನ ಅವ್ವ ಹೂಳಿನ ಮೇಲೆ ಹಲಗೆ ಚಾಚಿ ಇಳಿದಳು.

ಒಂದು ಹಲಗೆಯ ಮೇಲೆ ನಿಂತು ಹಿಂದಿನದನ್ನು ಎಳೆದು ಮುಂದೆ ಹಾಕುವುದು, ಅದರ ಮೇಲೆ ತೆವಳುವುದು. ಹಾಗೆ ಅರ್ಧ ದಾರಿ ಹೋದೆವು. ನಟ್ಟನಡುವೆ ಹೂಳು ತೀರ ಸಡಿಲವಾಗಿತ್ತು. ಗಿಡ್ಡ ಹಲಗೆ ಅವ್ವನ ಭಾರಕ್ಕೆ ಒಂದು ಕಡೆ ಮುಳುಗಿತು, ಅವಳು ತೊಡೆಯವರೆಗೆ ಇಳಿದಳು. ಎತ್ತಿದಷ್ಟೂ ಕಾಲು ಒಳಗೆ. ನಾನು ಹಲಗೆ ಅಪ್ಪಿಕೊಂಡು ಚೀರುತ್ತಿದ್ದೆ. ಅವಳು ತಿರುಗಿ ನನಗೆ ಹೇಳಿದ್ದು ಇಷ್ಟೇ: "ಹಗ್ಗ ಎಳೀಬ್ಯಾಡ. ಸುಮ್ಮನ ಮಲಕ್ಕೊ." ಆಗ ಹಿಂದಿನಿಂದ ಮೊಳೆ ಕೀಳುವ ಸದ್ದು ಕೇಳಿತು. ಅಪ್ಪ ದೋಣಿಯ ಅಂಚಿನ ಉದ್ದ ಹಲಗೆಗಳನ್ನು ಕೀಳುತ್ತಿದ್ದ, ತನ್ನ ಅಪ್ಪ ಜೋಡಿಸಿದ್ದ ಹಲಗೆಗಳು. ಹೊಟ್ಟೆಯ ಮೇಲೆ ತೆವಳುತ್ತ ಅವನ್ನು ಮುಂದೆ ತಳ್ಳಿಕೊಂಡು ಬಂದು, ಅವ್ವನನ್ನು ಎಳೆದೆತ್ತಿ, ಬಂಡೆಯವರೆಗೂ ಹಾಸಿಕೊಟ್ಟ. ನಮ್ಮನ್ನು ದಾಟಿಸಿ ತಾನು ಅದೇ ಹಲಗೆಗಳ ಮೇಲೆ ದೋಣಿಗೆ ಮರಳಿ ಹೋದ. ಸೋಮವಾರ ನಾನು ಸಂಡೂರಿನಲ್ಲಿದ್ದೆ, ಉಗುರಿನ ಸಂದಿಯಲ್ಲಿ ಇನ್ನೂ ಹೂಳು.

ಅಂಚು ಕಿತ್ತ ದೋಣಿ ಆ ಬೇಸಿಗೆಯ ಬಿಸಿಲಿಗೆ ಬಿರಿಯಿತು. ಶ್ರಾವಣದಲ್ಲಿ ನೀರು ಬಂದಾಗ ಅದು ಮೇಲೇಳಲಿಲ್ಲ. ಅಪ್ಪ ಹಾಯಿಯನ್ನು ಮಡಿಚಿ ಹೆಗಲ ಮೇಲೆ ಹೊತ್ತುಕೊಂಡು ಹೊಸಪೇಟೆಗೆ ಬಂದು ಒಂದು ಗೋದಾಮಿನ ಕಾವಲಿಗೆ ಸೇರಿದ. ಅವ್ವನಿಗೆ ಅಲುಗಾಡದ ನೆಲ ಸಿಕ್ಕಿತು, ದಿನಕ್ಕೆ ಎರಡು ಸಲ ಒರೆಸುತ್ತಿದ್ದಳು. ನನಗೆ ಹಾಸ್ಟೆಲು. ಬಿಡುಗಡೆ ಎಂದುಕೊಂಡು ಹೋದವಳು ಮೊದಲ ವಾರವೆಲ್ಲ ಲಂಗದ ಲಾಡಿಯನ್ನು ಮಂಚದ ಕಾಲಿಗೆ ಕಟ್ಟಿಕೊಂಡು ಮಲಗಿದೆ, ಇಲ್ಲವಾದರೆ ನಿದ್ದೆಯೇ ಬರುತ್ತಿರಲಿಲ್ಲ. ರಜೆಗೆ ಬಂದಾಗ ಅಪ್ಪನನ್ನು ನೋಡುತ್ತಿದ್ದೆ. ಗೋದಾಮಿನ ಮುಂದೆ ಕಬ್ಬಿಣದ ಕುರ್ಚಿ, ಮೇಲೆ ತಗಡಿನ ನೆರಳು. ಮಧ್ಯಾಹ್ನ ಗಾಳಿ ಎದ್ದರೆ ಮುಖವನ್ನು ಆ ಕಡೆ ತಿರುಗಿಸಿ ಕೂರುತ್ತಿದ್ದ. ಇಪ್ಪತ್ತೈದು ವರ್ಷ ಆ ಕುರ್ಚಿಯಲ್ಲಿ ಕೂತ. ನನ್ನ ಹಗ್ಗ ಬಿಚ್ಚಿ ಅವನನ್ನು ಕಟ್ಟಿದ ಹಾಗಾಯಿತು ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ, ಆಗ ನನಗೆ ಪರೀಕ್ಷೆಗಳಿದ್ದವು.

ಹೋದ ವರ್ಷ ಅವನು ಹಾಸಿಗೆ ಹಿಡಿದಾಗ ನಾನೇ ರಕ್ತ ತೆಗೆಯುತ್ತಿದ್ದೆ. ಒಂದು ಬೆಳಿಗ್ಗೆ, ನಾನು ತೋಳಿಗೆ ಪಟ್ಟಿ ಬಿಗಿಯುವಾಗ, ಕೇಳದೆಯೇ ಹೇಳಿದ. "ನೀರು ಇಳೀತೈತಿ ಅಂತ ಗೊತ್ತಿತ್ತು ತಲ್ಲೀ. ಒಂದು ವರ್ಷ ಇನ್ನಾ ಇರ್ತಿ ಅನ್ಕೊಂಡಿದ್ದೆ." ಆಮೇಲೆ ನನ್ನ ಮುಖ ನೋಡಿ, ಸಿಟ್ಟೇನು ಎಂದು ಕೇಳಿದ. ಹೌದು, ನನಗೆ ಸಿಟ್ಟು ಬಂದಿತ್ತು. ಮೂರು ಮೊಳ, ಮೂರು ಮೊಳ ಎಂದು ದಿನಾ ಹೇಳಿದ ಆ ಸುಳ್ಳು, ತೊಡೆಯವರೆಗೆ ಹೂತ ಅವ್ವ, ಎಲ್ಲ ಒಮ್ಮೆಗೇ ಕಣ್ಣೆದುರು ಬಂತು. ಉತ್ತರ ಕೊಡದೆ ಸೂಜಿ ಚುಚ್ಚಿದೆ. ನಾಳೆ ಹೇಳಿದರಾಯಿತು ಎಂದುಕೊಂಡಿದ್ದೆ. ಹೇಳುವಷ್ಟು ದಿನ ಅವನು ಉಳಿಯಲಿಲ್ಲ. ನಿಮ್ಮಲ್ಲೂ ಯಾರಾದರೂ ಹೀಗೆ ಒಂದು ಉತ್ತರವನ್ನು ಬಾಯಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರೆ, ಅದರ ರುಚಿ ನಿಮಗೆ ಗೊತ್ತಿರುತ್ತದೆ.

ಈ ಶ್ರಾವಣದಲ್ಲಿ ಹಿನ್ನೀರು ನೋಡಬೇಕು ಎಂದು ಅವ್ವನೇ ಹಟ ಹಿಡಿದಳು. ಕರೆದುಕೊಂಡು ಹೋದೆ. ಬಟ್ಟಲು ತುಂಬಿ ಒಂದೇ ಹರವಾಗಿತ್ತು, ನಾಲ್ಕು ನಡುಗಡ್ಡೆಗಳ ತಲೆ ಮಾತ್ರ ಕಾಣುತ್ತಿತ್ತು. ಅದರ ತಳದಲ್ಲಿ ಎಲ್ಲೋ ನಮ್ಮ ಮನೆ. ಅಪ್ಪ ಹೇಳಿದ್ದನ್ನೂ ನಾನು ಉತ್ತರ ಕೊಡದ್ದನ್ನೂ ಅವತ್ತು ಅವಳಿಗೆ ಹೇಳಿದೆ. ಅಪ್ಪ ಹಲಗೆ ಬೇಡವೆಂದ ದಿನವೇ ತನಗೆ ಗೊತ್ತಾಗಿತ್ತು ಎಂದಳು. ಆಮೇಲೆ, "ನಾ ಕಿತ್ತದ್ದು ಮೂರು ಹಲಗಿ. ಉಳಿದದ್ದೆಲ್ಲ ಅವರೇ ಕಿತ್ತದ್ದವ್ವ," ಎಂದಳು.

ನಾನು ಚಪ್ಪಲಿ ಕಳಚಿ ನೀರಿಗಿಳಿದೆ, ಹಿಮ್ಮಡಿಯವರೆಗೆ, ಆಮೇಲೆ ಮೊಣಕಾಲಿನವರೆಗೆ. ಗಾಳಿ ಎದ್ದಿತ್ತು. ಅಪ್ಪ ಮುಖ ತಿರುಗಿಸುತ್ತಿದ್ದ ಆ ಗಾಳಿಯೇ. ಸಿಟ್ಟಿಲ್ಲ ಅಪ್ಪಾ ಎಂದು ಹೇಳಲು ಬಾಯಿ ತೆರೆದೆ, ಬಂದದ್ದು ಅಳು. ಮುಂದೆ ಒಂದು ಹೆಜ್ಜೆ ಇಡಬೇಕೆಂದರೆ ಮಣಿಕಟ್ಟನ್ನು ಏನೋ ಹಿಡಿದುಕೊಂಡಿತು. ತಿರುಗಿ ನೋಡಿದೆ. ದಂಡೆಯ ಮೇಲೆ ನಿಂತ ಅವ್ವ ಯಾವಾಗಲೋ ತನ್ನ ಸೆರಗಿನ ತುದಿಯನ್ನು ನನ್ನ ಕೈಗೆ ಸುತ್ತಿ ಗಂಟು ಹಾಕಿದ್ದಳು. ಅವಳ ಕಣ್ಣು ನೀರಿನ ಮೇಲಿತ್ತು, ತಾನು ಮಾಡಿದ್ದು ಅವಳಿಗೂ ಗೊತ್ತಿದ್ದಂತಿರಲಿಲ್ಲ. ಗಂಟು ಅದೇ. ನಾನು ಅದನ್ನು ಬಿಚ್ಚಲು ಹೋಗಲಿಲ್ಲ. ಅಲ್ಲೇ ನಿಂತೆ.