ಅಣ್ಣನ ಹೊಟ್ಟೆಗೆ ಗುದ್ದಿದ ಹ್ಯಾಂಡಲ್ಲು

ಸ್ವಲ್ಪ ತಾಳಿ, ಪುಟ ತಿರುಗಿಸಬೇಡಿ. ಹೊರಗೆ ಒಂದು ಗೀರೂ ಇಲ್ಲದೆ ಒಳಗೆ ಕರುಳು ಒಡೆದುಕೊಂಡ ಮನುಷ್ಯನ ವಿಷಯ ಹೇಳುತ್ತೇನೆ. ಆ ಮನುಷ್ಯ ನನ್ನ ಅಣ್ಣ.

ಅರವತ್ತರ ದಶಕದ ಮೊದಲ ವರ್ಷಗಳು. ನಾವಿದ್ದದ್ದು ಅಟ್ಟೂರಿನಲ್ಲಿ. ಅಣ್ಣ ಜಾಲಹಳ್ಳಿಯ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದ. ನಾನು ಪ್ರಥಮ ಚಿಕಿತ್ಸೆಯ ಹಳೇ ಪುಸ್ತಕವೊಂದನ್ನು ಬಾಯಿಪಾಠ ಮಾಡಿ, ಯಾರೂ ಕೇಳದಿದ್ದರೂ, ಊರಿಗೆಲ್ಲ ಅರ್ಧ ಡಾಕ್ಟರಾಗಿದ್ದೆ.

ಒಂದು ಸಂಜೆ ಎತ್ತಿನಗಾಡಿಗೆ ದಾರಿ ಬಿಡಲು ಹೋಗಿ ಅಣ್ಣ ಬಿದ್ದ. ಹ್ಯಾಂಡಲ್ಲಿನ ತುದಿ ಹೊಟ್ಟೆಗೆ ಗುದ್ದಿತು. ಆದರೂ ಮನೆಗೆ ನಡೆದೇ ಬಂದ. ನಾನು ಅಂಗಿ ಎತ್ತಿ ನೋಡಿದೆ, ನಾಡಿ ಎಣಿಸಿದೆ. ರಕ್ತ ಇಲ್ಲ, ಮೂಳೆ ಮುರಿದಿಲ್ಲ. ಬ್ಯಾಂಡೇಜಿಗೆ ಕೆಲಸವಿಲ್ಲವಲ್ಲ ಎಂದು ಕೊಂಚ ಬೇಜಾರೂ ಆಯಿತು.

"ಏನೂ ಆಗಿಲ್ಲಮ್ಮ, ಊಟಕ್ಕಿಕ್ಕು" ಎಂದೆ.

ಅಣ್ಣ ನಾಲ್ಕು ತುತ್ತು ಮುದ್ದೆ ನುಂಗಿ, ನೋವು ಕಡಿಮೆಯಾಗಿದೆ ಎಂದು ಮಲಗಿದ. ನನ್ನ ಚಿಕಿತ್ಸೆ ಫಲಿಸಿತೆಂದುಕೊಂಡೆ.

ಬೆಳಗ್ಗೆ ಜ್ವರ, ವಾಂತಿ. ಹೊಕ್ಕುಳು ಜಾಗ ತಪ್ಪಿದರೆ ನಮ್ಮಲ್ಲಿ ಬಟ್ಟಿ ಜಾರಿದೆ ಎನ್ನುತ್ತಾರೆ. ಅದೇ ಇರಬೇಕೆಂದು ಅಮ್ಮ ಹೊಟ್ಟೆ ನೀವುವ ಅಜ್ಜಿಯನ್ನು ಕರೆಸಿದಳು. ಅಜ್ಜಿ ಹರಳೆಣ್ಣೆಯ ಬಟ್ಟಲು ಹಿಡಿದು ಬಂದಳು. ನಾನು ಮೂಢನಂಬಿಕೆಯ ಬಗ್ಗೆ ಸಣ್ಣದೊಂದು ಭಾಷಣ ಮಾಡಿದೆ.

"ನೀನ್ ಓದಿರೋನು, ಅಂಗೇ ನಿಂತ್ಕಳಪ್ಪ" ಎಂದ ಅಜ್ಜಿ, ಅಣ್ಣನ ಹೊಟ್ಟೆಯ ಮೇಲೆ ಅಂಗೈ ಇಟ್ಟವಳೇ ತೆಗೆದುಬಿಟ್ಟಳು. "ಇದು ಬಟ್ಟಿ ಅಲ್ಲ ಕಣವ್ವ. ಒಟ್ಟೆ ಅಲಗೆ ಅಂಗೆ ಗಟ್ಟಿ ಆಗೈತೆ. ನಾನ್ ಎಣ್ಣೆ ಮುಟ್ಸಾಕಿಲ್ಲ. ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ, ಮೊದ್ಲು."

"ಆದ್ರೆ ಪುಸ್ತಕದಲ್ಲಿ..." ಎಂದೆ.

"ಅದ್ನೂ ತಗಂಡೋಗು. ದಾರೀಲಿ ನಿಮ್ಮಣ್ಣಂಗೆ ಗಾಳಿ ಬೀಸಾಕಾಯ್ತದೆ."

ಆಸ್ಪತ್ರೆಯಲ್ಲಿ ಡಾಕ್ಟರು ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಥಟ್ಟನೆ ಕೈ ತೆಗೆದರು. ಅಣ್ಣ ಕಿರುಚಿದ. ಕೂರಿಸಿ ಎಕ್ಸ್‌ರೇ ತೆಗೆದಾಗ ಪಕ್ಕೆಲುಬಿನ ಕೆಳಗೆ, ಇರಬಾರದ ಜಾಗದಲ್ಲಿ ಗಾಳಿ ಕಂಡಿತು. ಹ್ಯಾಂಡಲ್ಲಿಗೂ ಬೆನ್ನುಮೂಳೆಗೂ ನಡುವೆ ಸಿಕ್ಕಿ ಕರುಳು ತೂತಾಗಿತ್ತಂತೆ. ಅಪರೂಪವಂತೆ, ಮೊದಲ ದಿನ ಹೀಗೇ ಮೋಸ ಮಾಡುತ್ತದಂತೆ.

"ನಿನ್ನೆ ಯಾರ್ರೀ ನೋಡಿದ್ದು?" ಎಂದರು ಡಾಕ್ಟರು.

ಅಮ್ಮ ನನ್ನ ಕಡೆ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ.

ರಾತ್ರಿಯ ಊಟದ ವಿಷಯವನ್ನೂ ಅಮ್ಮ ಹೇಳಿಬಿಟ್ಟಳು. "ಮುದ್ದೆ ಬೇರೆ ತಿನ್ಸಿದೀರಾ?"

ಹೊಟ್ಟೆ ಕೊಯ್ದು ತೂತನ್ನು ಹೊಲಿದರು. ಆಮೇಲೆ ಬಾಯಿಗೆ ತೊಟ್ಟು ನೀರೂ ಇಲ್ಲ. ಹೂಸು ಬಿಟ್ಟರೆ ಕರುಳು ಕೆಲಸಕ್ಕೆ ಮರಳಿತೆಂದು ಅರ್ಥ, ಅಲ್ಲಿಯವರೆಗೆ ಏನೂ ಹೇಳುವಂತಿಲ್ಲ ಎಂದರು. ನಾಲ್ಕು ದಿನ ಅಮ್ಮ ಅಣ್ಣನನ್ನು ಅದೊಂದನ್ನೇ ಕೇಳಿದಳು. ಐದನೇ ದಿನ ಮಧ್ಯಾಹ್ನ ಅವನು ನಾಚಿಕೊಂಡು ತಲೆಯಾಡಿಸಿದ.

"ಆಯ್ತು ಕಣ್ರಪ್ಪೋ!" ಎಂದು ಅಮ್ಮ ಇಡೀ ವಾರ್ಡಿಗೆ ಸಾರಿದಳು.

"ಥೂ, ಮೆತ್ಗೆ ಅನ್ನಮ್ಮ" ಎಂದ ಅಣ್ಣ. ಪಕ್ಕದ ಮಂಚದ ಯಜಮಾನರು, ಗುರುತು ಪರಿಚಯ ಇಲ್ಲದಿದ್ದರೂ, ಮೇಲೆ ನೋಡಿ ಕೈಮುಗಿದರು.

ಗಾಯ ಕಾಣಲಿಲ್ಲವೆಂದು ನೀವೂ ಯಾರಿಗಾದರೂ ಉಣಿಸಿ ಮಲಗಿಸಿದ್ದುಂಟೇ? ಉಂಟಾದರೆ ದಯವಿಟ್ಟು ಬರೆಯಿರಿ. ಅಣ್ಣನಿಗೆ ತೋರಿಸಬೇಕಾಗಿದೆ, ಹಾಗೆ ಮಾಡಿದವನು ಲೋಕದಲ್ಲಿ ನಾನೊಬ್ಬನೇ ಅಂದುಕೊಂಡಿದ್ದಾನೆ.